ರಿಸ್ಟೋರ್ ಮಾಡಿಸಿದ ಹಳೇ ಪದ್ಮಿನಿ ಕಾರಿನ ಬಣ್ಣಕ್ಕೆ ಮೊದಲ ಮಳೆಗೇ ಗುಳ್ಳೆ ಬಂದಿದೆ. ಅದೇ ಗ್ಯಾರೇಜಿಗೆ ವಾಪಸ್ ಕೊಡಲಾ, ಬೇರೆ ಕಡೆ ಮಾಡಿಸಿ ಖರ್ಚು ಕೇಳಲಾ?

ಎರಡೂ ಬೇಡ. ಸದ್ಯಕ್ಕೆ ಗಾಡಿ ನಿಮ್ಮ ಮನೆಯ ಶೆಡ್ಡಿನಲ್ಲೇ ಇರಲಿ. ಯಾರೂ ಅದಕ್ಕೆ ಸ್ಯಾಂಡ್‌ಪೇಪರ್ ಕೂಡ ತಾಗಿಸಬಾರದು.

ನಿಮ್ಮದು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಕಳಿಸಿ ಮಾಡಿಸಿದ 1982ರ ಪದ್ಮಿನಿ. 3.8 ಲಕ್ಷ ಕೊಟ್ಟಾಗಿದೆ, 40 ಸಾವಿರ ಬಾಕಿ ಇದೆ. ಬಾಗಿಲ ಕೆಳಗಿನ ಅಂಚಿನಲ್ಲೆಲ್ಲ ಬಣ್ಣ ಉಬ್ಬಿದೆ. ಗ್ಯಾರೇಜಿನ ಮಾಲೀಕರು ‘ಹಳೇ ಗಾಡಿ ಅಂದ್ಮೇಲೆ ಇವೆಲ್ಲ ಇರುತ್ತೆ, ತಂದು ಬಿಡಿ, ಟಚಪ್ ಮಾಡಿಕೊಡ್ತೀವಿ’ ಅಂದಿದ್ದಾರೆ. ಊರಿನ ಹೆಸರು ಬದಲಿಸಿದರೆ ಇದು ನನ್ನದೇ ಕಥೆ.

ನನ್ನದು 1969ರ ಫಿಯೆಟ್ 1100 ಡಿಲೈಟ್. ಬಾಂಬೆಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ಮಾಡುತ್ತಿದ್ದ ಗಾಡಿ. ಅದೇ 1089 ಸಿಸಿ ಇಂಜಿನ್, ಸ್ಟೇರಿಂಗ್ ಪಕ್ಕದ ಅದೇ ಗೇರು. ಮುಂದೆ ಇದೇ ಗಾಡಿ ಪದ್ಮಿನಿ ಅನ್ನುವ ಹೆಸರಿನಲ್ಲಿ ಬಂತು. ಅಪ್ಪ ಇದನ್ನು ಕಾಫಿ ತೋಟದವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದರು. ಹಾಸನದಿಂದ ಸಕಲೇಶಪುರಕ್ಕೆ ಎಷ್ಟು ಸಲ ಓಡಾಡಿದೆಯೋ ಲೆಕ್ಕವಿಲ್ಲ. ಮಲೆನಾಡಿನ ಮಳೆ ಕುಡಿದ ಗಾಡಿಗೆ ತುಕ್ಕು ಹಿಡಿದಿತ್ತು. ಅದು ನನಗೂ ಗೊತ್ತಿತ್ತು, ಗ್ಯಾರೇಜಿನವರಿಗೂ ಗೊತ್ತಿತ್ತು. ಅದನ್ನು ತೆಗೆಯಲಿ ಅಂತಲೇ ಐದು ಲಕ್ಷದ ಹತ್ತಿರ ಕೊಟ್ಟದ್ದು. ಎಸ್ಟಿಮೇಟಿನಲ್ಲಿ ಇದ್ದದ್ದು ಇಷ್ಟೇ: ಫುಲ್ ಟಿಂಕರಿಂಗ್ (ಬಾಡಿಯ ತಗಡಿನ ಕೆಲಸ), ಫುಲ್ ಪೇಂಟ್, ಇಂಜಿನ್ ವರ್ಕ್.

ಗಾಡಿ ಮನೆಗೆ ಬಂದ ದಿನ ಇಡೀ ಬೀದಿ ನೋಡಲು ಬಂತು. ಬಣ್ಣ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದೇ ವರ್ಷದ ಜುಲೈ ಮಳೆಯಲ್ಲಿ ಮೊದಲು ಕೈಕೊಟ್ಟದ್ದು ಬಣ್ಣವಲ್ಲ, ಬಾಗಿಲು. ಡ್ರೈವರ್ ಕಡೆಯ ಬಾಗಿಲನ್ನು ಸ್ವಲ್ಪ ಎತ್ತಿ ಹಾಕಿದರೆ ಮಾತ್ರ ಲಾಕ್ ಆಗುತ್ತಿತ್ತು. ಹಿಂಜ್ ಸಡಿಲ ಆಗಿರಬೇಕು ಅಂದುಕೊಂಡೆ. ಗುಳ್ಳೆ ಆಮೇಲೆ ಬಂತು, ನಿಮ್ಮ ಗಾಡಿಯಲ್ಲಿ ಬಂದ ಜಾಗದಲ್ಲೇ.

ಈ ಬಾಗಿಲ ವಿಷಯ ಬಿಡಿಸಿ ಹೇಳುತ್ತೇನೆ. ನೀವು ಪೂರ್ತಿ ಬಣ್ಣದ ಮೇಲೇ ಕಣ್ಣಿಟ್ಟಿದ್ದೀರಿ, ಜಗಳ ಬಣ್ಣದ್ದಲ್ಲ. ಸ್ಟ್ಯಾಂಡರ್ಡ್ ಹೆರಾಲ್ಡ್ ಥರದ ಗಾಡಿಗೆ ಕೆಳಗೆ ಬೇರೆಯೇ ಚಾಸಿ ಇರುತ್ತದೆ. ಮೇಲಿನ ತಗಡು ಕೊಳೆತರೂ ಭಾರ ಹೊರಲು ಅದಿದೆ. ಫಿಯೆಟ್ಟಿಗೆ, ಪದ್ಮಿನಿಗೆ ಹಾಗಿಲ್ಲ. ಬಾಡಿಯೇ ಚಾಸಿ. ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ಭಾಗ ಇದೆಯಲ್ಲ, ಸಿಲ್ ಅನ್ನುತ್ತಾರೆ, ಗಾಡಿಯ ಮುಂಭಾಗವನ್ನೂ ಹಿಂಭಾಗವನ್ನೂ ಹಿಡಿದು ನಿಲ್ಲಿಸುವ ಮುಖ್ಯ ಕೆಲಸ ಅದರದ್ದು. ಅದಕ್ಕೆ ಹೊರಗಿನ ತಗಡು ಬೇರೆ, ಒಳಗಿನ ತಗಡು ಬೇರೆ. ಒಳಗಿನದು ತುಕ್ಕು ತಿಂದಿದ್ದರೆ ಬಾಡಿ ಮಧ್ಯದಲ್ಲಿ ನಿಧಾನಕ್ಕೆ ಕುಸಿಯುತ್ತದೆ, ಬಾಗಿಲ ಸಂದು ಮೇಲೊಂದು ಥರ ಕೆಳಗೊಂದು ಥರ ಆಗುತ್ತದೆ. ಸರಿಯಾಗಿ ಕೆಲಸ ಮಾಡುವವರು ಸಿಲ್ ಕತ್ತರಿಸುವ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡ ಪೈಪು ಬೆಸೆದು ಬಾಡಿ ಕದಲದಂತೆ ಕಟ್ಟಿಕೊಳ್ಳುತ್ತಾರೆ. ಕೊಳೆತದ್ದನ್ನು ಒಳ್ಳೆಯ ಲೋಹ ಸಿಗುವವರೆಗೂ ಕತ್ತರಿಸಿ, ಹೊಸ ತಗಡು ವೆಲ್ಡ್ ಮಾಡಿ, ಪ್ರೈಮರ್ ಹೊಡೆದು, ಒಳಗೆ ವ್ಯಾಕ್ಸ್ ಬಿಡುತ್ತಾರೆ. ಇದಕ್ಕೆ ವಾರಗಟ್ಟಲೆ ಸಮಯ ಹಿಡಿಯುತ್ತದೆ, ಹೊರಗಿನವರಿಗೆ ಕಾಣುವುದೂ ಇಲ್ಲ. ಅದಕ್ಕೇ ಕೆಲವರು ತುಕ್ಕಿನ ಮೇಲೇ ಫೈಬರ್ ಮ್ಯಾಟ್ ಅಂಟಿಸಿ, ಪುಟ್ಟಿ ಮೆತ್ತಿ, ಉಜ್ಜಿ ನಯ ಮಾಡಿ ಬಣ್ಣ ಹೊಡೆಯುತ್ತಾರೆ. ಪುಟ್ಟಿ ತೇವ ಹೀರುತ್ತದೆ. ಒಂದು ಮಳೆಗಾಲ ಸಾಕು.

ಇನ್ನೊಂದು ಜಾಗವನ್ನೂ ನೋಡಿ. ಕಿಟಕಿ ಗಾಜಿನ ರಬ್ಬರ್ ದಾಟಿ ಬಾಗಿಲೊಳಗೆ ಮಳೆ ನೀರು ಇಳಿದೇ ಇಳಿಯುತ್ತದೆ. ಅದು ಹೊರಗೆ ಹೋಗಲಿ ಅಂತ ಬಾಗಿಲ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಬಗ್ಗಿ ನೋಡಿ, ಇವೆಯಾ? ಅವು ಪುಟ್ಟಿಯಿಂದ ಮುಚ್ಚಿಹೋಗಿದ್ದರೆ ನಿಮ್ಮ ಗುಳ್ಳೆಗೆ ಅರ್ಧ ಕಾರಣ ಅಲ್ಲೇ ಇದೆ. ಮುಟ್ಟಬೇಡಿ, ಕಡ್ಡಿ ಹಾಕಿ ಬಿಡಿಸಬೇಡಿ. ಸುಮ್ನೆ ಫೋಟೊ ತೆಗೆಯಿರಿ.

ಈಗ ನನಗೆ ದುಬಾರಿಯಾದ ತಪ್ಪಿಗೆ ಬರುತ್ತೇನೆ. ನೀವು ಕೇಳಿದ ಎರಡನೇ ದಾರಿ ಇದೆಯಲ್ಲ, ‘ಬೇರೆ ಕಡೆ ಮಾಡಿಸಿ ಖರ್ಚು ಕೇಳಲಾ’ ಅಂತ, ನಾನು ಹಿಡಿದದ್ದು ಅದೇ ದಾರಿ.

ಗುಳ್ಳೆ ಬಂದ ಮೇಲೆ ಗೆಳೆಯನೊಬ್ಬ ಫ್ರಿಜ್ಜಿನ ಮ್ಯಾಗ್ನೆಟ್ ತಂದು ಬಟ್ಟೆ ಸುತ್ತಿ ಬಾಡಿಗೆ ಹಿಡಿದ. ಬಾನೆಟ್ ಮೇಲೆ ಕಚ್ಚಿಕೊಂಡಿತು. ಸಿಲ್ ಮೇಲೆ ಇಟ್ಟರೆ ನೆಲಕ್ಕೆ ಬಿತ್ತು. ನನಗೆ ತಲೆ ಕೆಟ್ಟುಹೋಯಿತು. ಅದೇ ವಾರ ಹಾಸನದ ಹಿರಿಯ ಟಿಂಕರ್ ಒಬ್ಬರ ಹತ್ತಿರ ಗಾಡಿ ಒಯ್ದೆ. ಬಹಳ ಒಳ್ಳೆಯ ಕೈಯವರು, ಇವತ್ತಿಗೂ ಅವರ ಮೇಲೆ ಗೌರವ ಇದೆ. ಅವರು ಸಿಲ್ ಬಿಚ್ಚಿದರು. ಹೊರಗಿನ ತಗಡಿನ ಜಾಗದಲ್ಲಿ ಬೆರಳು ದಪ್ಪದ ಪುಟ್ಟಿ. ಅದರ ಹಿಂದೆ ಫೈಬರ್ ಮ್ಯಾಟ್, ಟೊಳ್ಳು ತುಂಬಲು ತುರುಕಿದ ನ್ಯೂಸ್‌ಪೇಪರ್. ಒಳಗಿನ ತಗಡು ಕೈಯಲ್ಲಿ ಮುರಿದರೆ ಪುಡಿಯಾಗುತ್ತಿತ್ತು. ನಾನು ಫೋನಿನಲ್ಲಿ ಒಂದಷ್ಟು ಫೋಟೊ ತೆಗೆದು, ಬೈದು ಮೆಸೇಜ್ ಬರೆದು, ಬೆಂಗಳೂರಿನ ಗ್ಯಾರೇಜಿನವರಿಗೆ ಕಳಿಸಿದೆ. ಉತ್ತರ ಬರಲಿಲ್ಲ. ‘ಶುರು ಮಾಡಿ’ ಅಂತ ಟಿಂಕರ್‌ಗೆ ಹೇಳಿ ಮನೆಗೆ ಬಂದೆ. ಅವರು ಕೊಳೆತದ್ದನ್ನೆಲ್ಲ ಕತ್ತರಿಸಿದರು, ತುಂಡುಗಳು ಗುಜರಿಗೆ ಹೋದವು, ಹೊಸ ತಗಡು ಕೂತಿತು. ಕೆಲಸ ಅಪ್ಪಟವಾಗಿತ್ತು.

ಆಮೇಲೆ ವಕೀಲರ ಹತ್ತಿರ ಹೋದೆ. ಕ್ರಮ ತಪ್ಪಿದ್ದೇ ಅಲ್ಲಿ. ಮೊದಲು ಆಗಬೇಕಾದದ್ದನ್ನು ಕೊನೆಗೆ ಮಾಡಿದೆ.

ಗ್ಯಾರೇಜಿನವರ ಲಿಖಿತ ಉತ್ತರ ಹೇಗಿತ್ತು ಗೊತ್ತಾ? ನಾವು ಸಿಲ್ ಸರಿಯಾಗಿಯೇ ಮಾಡಿದ್ದೆವು. ಇನ್ನೊಬ್ಬರು ಗಾಡಿ ಕತ್ತರಿಸಿದ್ದಾರೆ, ಹಾನಿ ಅವರದ್ದಿರಬಹುದು. ಫೋಟೊಗಳಲ್ಲಿ ನಂಬರ್ ಪ್ಲೇಟ್ ಕಾಣುವುದಿಲ್ಲ, ಯಾವ ಗಾಡಿಯದ್ದೋ ಗೊತ್ತಿಲ್ಲ. ಬಂದು ನೋಡಿ ಅಂತ ನಮ್ಮನ್ನು ಕರೆಯಲೇ ಇಲ್ಲ. ಕತ್ತರಿಸಿದ ಭಾಗಗಳನ್ನು ತೋರಿಸಿ.

ಒಂದೊಂದು ವಾಕ್ಯ ಓದುವಾಗಲೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಭಾಗಗಳು ಗುಜರಿಯಲ್ಲಿ ಕರಗಿಹೋಗಿದ್ದವು. ಹತ್ತಿರದಿಂದ ತೆಗೆದ ಫೋಟೊಗಳಲ್ಲಿ ತುಕ್ಕು ಮಾತ್ರ ಇತ್ತು, ಗಾಡಿಯ ಗುರುತು ಒಂದೂ ಇರಲಿಲ್ಲ. ಒಂದೇ ಒಂದು ಫೋಟೊದಲ್ಲಿ ಚಾಸಿ ನಂಬರಿನ ಪ್ಲೇಟಿನಿಂದ ಶುರು ಮಾಡಿ ಸಿಲ್‌ವರೆಗೆ ಬಂದಿದ್ದರೆ, ಅಥವಾ ಆ ಕೊಳೆತ ತಗಡನ್ನು ಒಂದು ಗೋಣಿಚೀಲದಲ್ಲಿ ಕಟ್ಟಿ ಇಟ್ಟಿದ್ದರೆ ಸಾಕಿತ್ತು. ನಮ್ಮ ಟಿಂಕರ್ ಬಂದು ಸಾಕ್ಷಿ ಹೇಳಿದರು ನಿಜ. ಆದರೆ ಅವರು ನನ್ನಿಂದ ಕೂಲಿ ತೆಗೆದುಕೊಂಡವರು. ಎದುರು ಪಕ್ಷದ ವಕೀಲರು ಅದನ್ನೇ ಎತ್ತಿ ಹಿಡಿದರು. ಕೊನೆಗೆ ಗ್ರಾಹಕ ಆಯೋಗ ಬಣ್ಣದ ಬಾಬ್ತು ಒಂದಷ್ಟು ಹಣ ವಾಪಸ್ ಕೊಡಿಸಿತು. ಯಾಕಂದರೆ ಗುಳ್ಳೆಯ ವಿಡಿಯೊ ಮಾತ್ರ ಬಿಚ್ಚುವ ಮುಂಚೆ ಮನೆಯ ಮುಂದೆ, ನಂಬರ್ ಪ್ಲೇಟ್ ಸಮೇತ ತೆಗೆದದ್ದಾಗಿತ್ತು. ಸಿಲ್ ಕೆಲಸದ ಬಗ್ಗೆ ಪುರಾವೆ ಸಾಲದು ಅಂತಾಯಿತು. ಜಾಸ್ತಿ ದುಡ್ಡು ಹೋಗಿದ್ದೇ ಅದಕ್ಕೆ. ಆಯೋಗದ ಮೇಲೆ ನನಗೆ ಬೇಸರವಿಲ್ಲ. ಇಲ್ಲದ ತಗಡನ್ನು ಅವರು ಹೇಗೆ ನೋಡಬೇಕು?

ಹಾಗಾಗಿ ನಿಮ್ಮ ವಿಷಯದಲ್ಲಿ ನನ್ನ ಮಾತು ಕಟುವಾಗಿರುತ್ತದೆ. ಬಿಟ್ಟಿ ಟಚಪ್ ಅನ್ನುವುದು ಸಹಾಯ ಅಲ್ಲವೇ ಅಲ್ಲ. ಗುಳ್ಳೆ ಉಜ್ಜಿ ಮತ್ತೆ ಬಣ್ಣ ಹೊಡೆದರೆ ಈಗ ಕಣ್ಣಿಗೆ ಕಾಣುತ್ತಿರುವ ಪುರಾವೆ ಹೋಗುತ್ತದೆ, ಒಳಗಿನ ತುಕ್ಕು ಹಾಗೇ ಇರುತ್ತದೆ. ನೀವು ಒಪ್ಪಿ ಸರಿಪಡಿಸಿಕೊಂಡಿರಿ ಅನ್ನುವ ಮಾತೂ ಅವರಿಗೆ ಸಿಗುತ್ತದೆ. ಇನ್ನೊಂದು ಅಪಾಯ ನಿಮ್ಮ 40 ಸಾವಿರದ ಬಾಕಿ. 1872ರ ಕರಾರು ಕಾಯ್ದೆಯ 170ನೇ ಸೆಕ್ಷನ್ ಪ್ರಕಾರ, ವಸ್ತುವಿನ ಮೇಲೆ ಕೈಕೆಲಸ ಮಾಡಿದವರು ಕೂಲಿ ಬರುವವರೆಗೆ ಅದನ್ನು ತಮ್ಮ ಹತ್ತಿರ ಇಟ್ಟುಕೊಳ್ಳಬಹುದು. ಕಾಯ್ದೆಯಲ್ಲೇ ವಜ್ರ ಕತ್ತರಿಸಿ ಪಾಲಿಶ್ ಮಾಡುವವರ ಉದಾಹರಣೆ ಇದೆ. ಗಾಡಿಗೂ ಅದೇ ವಾದ ಹಾಕುತ್ತಾರೆ. ಈಗ ಗಾಡಿ ನಿಮ್ಮ ಕೈಯಲ್ಲಿದೆ. ಅದನ್ನು ನೀವೇ ಒಯ್ದು ಅವರ ಶೆಡ್ಡಿನಲ್ಲಿ ನಿಲ್ಲಿಸಿದರೆ ಬಾಕಿ ಕೊಡುವ ತನಕ ಬಿಡುವುದಿಲ್ಲ ಅನ್ನಬಹುದು. ಪೊಲೀಸರ ಹತ್ತಿರ ಹೋದರೆ ಇದು ಸಿವಿಲ್ ವಿಷಯ ಅಂತ ಕಳಿಸುತ್ತಾರೆ.

ಮೊದಲು ತಪಾಸಣೆ ಮಾಡಿಸಿ. ಗೆಳೆಯರ ಮೆಕ್ಯಾನಿಕ್ ಬೇಡ, ರಿಪೇರಿ ಮಾಡಿ ದುಡ್ಡು ಮಾಡುವವರು ಯಾರೂ ಬೇಡ. ವಿಮಾ ಪ್ರಾಧಿಕಾರದ ಲೈಸೆನ್ಸ್ ಇರುವ ಮೋಟಾರ್ ಸರ್ವೇಯರ್‌ಗಳು ಹುಬ್ಬಳ್ಳಿಯಂಥ ಊರಿನಲ್ಲಿ ಸಿಗುತ್ತಾರೆ, ಅಪಘಾತದ ಕ್ಲೇಮಿಗೆ ಬರುತ್ತಾರಲ್ಲ, ಅವರೇ. ಖಾಸಗಿಯಾಗಿ ಫೀಸು ಕೊಟ್ಟು ವರದಿ ಬರೆಸಿಕೊಳ್ಳಬಹುದು. ಪೇಂಟ್ ದಪ್ಪ ಅಳೆಯುವ ಮೀಟರ್ ತರಲು ಹೇಳಿ. ಕಂಪನಿಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು ಇರುತ್ತದೆ. ಮತ್ತೆ ಬಣ್ಣ ಹೊಡೆದ ಗಾಡಿಯಲ್ಲಿ ಅದರ ಎರಡು ಪಟ್ಟು, ಕೆಲವೊಮ್ಮೆ ಇನ್ನೂ ಸ್ವಲ್ಪ ಮೇಲೆ ತೋರಿಸಿದರೂ ತಪ್ಪಲ್ಲ. ಸಾವಿರ ದಾಟಿದರೆ ಅಲ್ಲಿ ಪುಟ್ಟಿ ಇದೆ. ಎಲ್ಲೆಲ್ಲಿ ಎಷ್ಟು ಅಂತ ಗಾಡಿಯ ಚಿತ್ರದ ಮೇಲೆ ಗುರುತು ಹಾಕಿಸಿ. ತೆಳುವಾದ ಪುಟ್ಟಿ ಎಲ್ಲ ಟಿಂಕರ್‌ಗಳೂ ಹಾಕುತ್ತಾರೆ, ಅದು ಮೋಸ ಅಲ್ಲ, ಹಾಗಾಗಿ ಅಂಕಿ ಇಲ್ಲದೆ ‘ಪುಟ್ಟಿ ಹಾಕಿದ್ದಾರೆ’ ಅಂತ ಕೂಗಾಡಿದರೆ ಏನೂ ಉಪಯೋಗವಿಲ್ಲ.

ಸರ್ವೇಯರ್ ಬರುವ ದಿನ ಗೊತ್ತಾದ ತಕ್ಷಣ ಗ್ಯಾರೇಜಿನವರಿಗೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಿ: ಇಂಥ ದಿನ ತಪಾಸಣೆ ಇದೆ, ನೀವೂ ಬನ್ನಿ. ಎರಡು ವಾರ ಸಮಯ ಕೊಡಿ. ಬಂದರೆ ಒಳ್ಳೆಯದು, ಬಾರದಿದ್ದರೂ ಒಳ್ಳೆಯದು. ನನ್ನ ಕೇಸಿನಲ್ಲಿ ಇದೊಂದು ಕಾಗದ ಇದ್ದಿದ್ದರೆ ‘ನಮ್ಮನ್ನು ಕರೆಯಲೇ ಇಲ್ಲ’ ಅನ್ನುವ ವಾದ ಹುಟ್ಟುತ್ತಲೇ ಇರಲಿಲ್ಲ. ಅದೇ ಪತ್ರದಲ್ಲಿ 40 ಸಾವಿರ ಯಾಕೆ ತಡೆಹಿಡಿದಿದ್ದೀರಿ ಅಂತಲೂ ಬರೆಯಿರಿ. ಮಾತಾಡದೆ ತಡೆಹಿಡಿದರೆ ಬಾಕಿ ಉಳಿಸಿಕೊಂಡವರು ನೀವೇ ಅಂತಾಗುತ್ತದೆ.

ವರದಿ ಕೈಗೆ ಬಂದ ಮೇಲೆ ಕೇಸಾ, ರಾಜಿಯಾ ಅಂತ ಯೋಚಿಸಿ. ಅಂಕಿ ಇರುವ ವರದಿ ಮುಂದಿಟ್ಟರೆ ಎಷ್ಟೋ ಜನ ಮಾತಿಗೆ ಬರುತ್ತಾರೆ ಅಂತ ನನ್ನ ನಂಬಿಕೆ. ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಬೆಂಗಳೂರಿಗೆ ಅಲೆಯಬೇಕಾಗಿಲ್ಲ, ನೀವು ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು, ಅಂದರೆ ಧಾರವಾಡದ ಜಿಲ್ಲಾ ಆಯೋಗ. ಕೊಟ್ಟ ಹಣ ಐದು ಲಕ್ಷದ ಒಳಗಿದ್ದರೆ ಫೀಸಿಲ್ಲ. ಸಮಯ ಎರಡು ವರ್ಷ. ಅದನ್ನು ಗುಳ್ಳೆ ಕಂಡ ದಿನದಿಂದ ಎಣಿಸಬೇಡಿ, ಗಾಡಿ ಡೆಲಿವರಿ ತೆಗೆದುಕೊಂಡ ದಿನದಿಂದಲೇ ಎಣಿಸಿ, ವಾದಕ್ಕೆ ಜಾಗ ಕೊಡಬೇಡಿ. ಕೊಟ್ಟ ದುಡ್ಡಿಗೆ ಬಿಲ್ಲು ಇಲ್ಲ ಅಂದಿದ್ದೀರಿ. ಬ್ಯಾಂಕ್ ಸ್ಟೇಟ್‌ಮೆಂಟು, ಯುಪಿಐ ದಾಖಲೆ, ಕೆಲಸ ನಡೆಯುವಾಗ ಅವರೇ ವಾಟ್ಸಾಪಿನಲ್ಲಿ ಕಳಿಸಿದ ಫೋಟೊಗಳು, ಎಲ್ಲ ಬೇಕು. ಫೋನ್ ಬದಲಿಸುವ ಮುಂಚೆ ಚಾಟ್ ಪೂರ್ತಿ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಆ ಫೋಟೊಗಳಲ್ಲಿ ಸಿಲ್ ತೆರೆದಿರುವ ಒಂದು ಚಿತ್ರವೂ ಇಲ್ಲದಿದ್ದರೆ ಅದೂ ಒಂದು ಪುರಾವೆಯೇ. ಇಡೀ ಟಿಂಕರಿಂಗ್ ಮಾಡಿದವರು ಆ ಹಂತದ ಒಂದು ಫೋಟೊ ಕೂಡ ಕಳಿಸದೆ ಇರುವುದು ಅಪರೂಪ.

‘ಹಳೇ ಗಾಡಿ ಅಂದ್ಮೇಲೆ ಹೀಗೇ’ ಅನ್ನುವ ಮಾತನ್ನು ದಯವಿಟ್ಟು ಒಪ್ಪಿಕೊಳ್ಳಬೇಡಿ. ಹಳೇ ಗಾಡಿಗೆ ಮತ್ತೆ ತುಕ್ಕು ಬರುತ್ತದೆ, ಅದು ನಿಜ. ನಾಲ್ಕೈದು ವರ್ಷದ ಮೇಲೆ ಬೆಸುಗೆಯ ಸಂದಿನಲ್ಲಿ ಬಂದರೆ ನಾನೂ ಗ್ಯಾರೇಜಿನವರ ಪರ ನಿಲ್ಲುತ್ತೇನೆ. ಮೊದಲ ಮಳೆಗೇ ಒಳಗಿನಿಂದ ಬಂದರೆ ತುಕ್ಕನ್ನು ತೆಗೆದೇ ಇಲ್ಲ ಅನ್ನುವ ಅನುಮಾನ ಬರಲೇಬೇಕು. ತಗಡು ಬಡಿದು ಅಂದ ತರುವ ಕೈಗಳು ನಮ್ಮಲ್ಲಿ ಈಗಲೂ ಇವೆ, ಬೆಂಗಳೂರಿನ ಜೆ.ಸಿ. ರಸ್ತೆಯ ಒಳಗಿನ ಗಲ್ಲಿಗಳಲ್ಲೂ ಇವೆ, ನಮ್ಮ ಹಾಸನದಲ್ಲೂ ಇವೆ. ಅಂಥವರ ಕೆಲಸಕ್ಕೆ ಬೆಲೆ ಉಳಿಯಬೇಕಾದರೆ ಪುಟ್ಟಿ ಮೆತ್ತಿದವರನ್ನು ಸುಮ್ನೆ ಬಿಡಬಾರದು, ಅಲ್ವಾ?

ತಪಾಸಣೆಯ ತನಕ ಗಾಡಿಯನ್ನು ದೂರ ಓಡಿಸಬೇಡಿ, ಸಿಲ್ ಕೆಳಗೆ ಜಾಕ್ ಕೊಡಬೇಡಿ. ಸರ್ವೇಯರ್ ಬರುವ ಹಿಂದಿನ ದಿನ ಸೀಟು ಬಿಚ್ಚಿ, ಮ್ಯಾಟ್ ತೆಗೆದು ಫ್ಲೋರ್ ಕಾಣುವಂತೆ ಮಾಡಿಡಿ. ಅವರು ಹೊರಗಿನ ಗುಳ್ಳೆ ಬರೆದುಕೊಂಡು ಹೊರಡಲು ನೋಡಿದರೆ ತಡೆದು ನಿಲ್ಲಿಸಿ, ಒಳಗಿನಿಂದಲೂ ಸಿಲ್ ನೋಡಿಸಿ, ಚಾಸಿ ನಂಬರಿನ ಫೋಟೊ ವರದಿಯ ಮೊದಲ ಪುಟದಲ್ಲೇ ಹಾಕಿಸಿ.