ಎಸ್‌ಜಿಪಿಟಿ ತೀರ್ಥಹಳ್ಳಿಯಲ್ಲಿ 62, ಶಿವಮೊಗ್ಗದಲ್ಲಿ 48: ಯಾವ ಲ್ಯಾಬನ್ನು ನಂಬಬೇಕು?

ಯಕೃತ್ತಿನ (ಲಿವರ್) ಸ್ಥಿತಿ ತಿಳಿಯಲು ರಕ್ತದಲ್ಲಿ ಅಳೆಯುವ ಎಸ್‌ಜಿಪಿಟಿ ಎಂಬ ಕಿಣ್ವ (ಎನ್‌ಜೈಮ್) ನಿಮ್ಮ ತಂದೆಯವರಿಗೆ ತೀರ್ಥಹಳ್ಳಿಯಲ್ಲಿ 62 ಇದ್ದದ್ದು ಮರುದಿನ ಶಿವಮೊಗ್ಗದಲ್ಲಿ 48 ಬಂದಿದೆ, ಇಬ್ಬರಲ್ಲಿ ಒಬ್ಬರು ತಪ್ಪಿರಲೇಬೇಕಲ್ಲವೇ ಎಂದು ಕೇಳಿದ್ದೀರಿ. ಶಿವಮೊಗ್ಗದ ಜೀವರಸಾಯನ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುವವಳಾಗಿ ಹೇಳುವುದಾದರೆ, ಹಾಗೆ ಇರಲೇಬೇಕೆಂದೇನಿಲ್ಲ.

ಗ್ಲೂಕೋಸ್ ಪರೀಕ್ಷೆಯಲ್ಲಿ ರಕ್ತದಲ್ಲಿರುವ ಗ್ಲೂಕೋಸ್ ಎಷ್ಟು ಮಿಲಿಗ್ರಾಂ ಎಂಬುದನ್ನೇ ನೋಡುತ್ತೇವೆ. ಆದರೆ ಎಸ್‌ಜಿಪಿಟಿಯಂಥ ಕಿಣ್ವದ ಪ್ರಮಾಣ ರಕ್ತದಲ್ಲಿ ತೀರಾ ಅಲ್ಪವಾದ್ದರಿಂದ ಅದನ್ನು ತೂಗುವ ಬದಲು ಅದು ಮಾಡುವ ಕೆಲಸದ ವೇಗವನ್ನು ಅಳೆಯುತ್ತೇವೆ; ನಿಮಿಷಕ್ಕೆ ಒಂದು ಮೈಕ್ರೋಮೋಲ್ ವಸ್ತುವನ್ನು ಮಾರ್ಪಡಿಸುವಷ್ಟು ಕಿಣ್ವಕ್ಕೆ ಒಂದು ಯೂನಿಟ್ ಎಂದು ಲೆಕ್ಕ. ವೇಗವೆಂದ ಮೇಲೆ ಉಷ್ಣತೆ, ಪಿಎಚ್ (ಆಮ್ಲೀಯತೆಯ ಮಟ್ಟ), ರೀಏಜೆಂಟ್ (ಪರೀಕ್ಷೆಗೆ ಬಳಸುವ ರಾಸಾಯನಿಕ ದ್ರಾವಣ) ಎಲ್ಲದರ ಪ್ರಭಾವವೂ ಅದರ ಮೇಲಿರುತ್ತದೆ.

ಎಸ್‌ಜಿಪಿಟಿಯ ಈಗಿನ ಹೆಸರು ಎಎಲ್‌ಟಿ, ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಇಸಿ 2.6.1.2, ಮೊದಲಿನ 2 ಇದು ಟ್ರಾನ್ಸ್‌ಫರೇಸ್ ವರ್ಗದ್ದೆಂದು ಸೂಚಿಸುತ್ತದೆ. ಅಲನಿನ್‌ನ ಅಮೈನೋ ಗುಂಪನ್ನು ಇದು ಆಕ್ಸೊಗ್ಲುಟರೇಟ್‌ಗೆ ದಾಟಿಸಿದಾಗ ಪೈರುವೇಟ್ ಉಳಿಯುತ್ತದೆ. ರೀಏಜೆಂಟಿನಲ್ಲಿರುವ ಎಲ್‌ಡಿಎಚ್ ಎಂಬ ಇನ್ನೊಂದು ಕಿಣ್ವ ಆ ಪೈರುವೇಟನ್ನು ಲ್ಯಾಕ್ಟೇಟ್ ಆಗಿಸುವಾಗ, ರೀಏಜೆಂಟಿನಲ್ಲೇ ಇರುವ ಎನ್‌ಎಡಿಎಚ್ ಎಂಬ ವಸ್ತು ಖರ್ಚಾಗುತ್ತದೆ. ಎನ್‌ಎಡಿಎಚ್ 340 ನ್ಯಾನೊಮೀಟರಿನ ಬೆಳಕನ್ನು ಹೀರುವುದರಿಂದ, ಆ ಹೀರಿಕೆ ನಿಮಿಷಕ್ಕೆ ಎಷ್ಟು ಇಳಿಯಿತೆಂಬುದೇ ಯಂತ್ರ ನೋಡುವ ಸಂಗತಿ. 1000 ಮೈಕ್ರೋಲೀಟರ್ ರೀಏಜೆಂಟಿಗೆ 100 ಮೈಕ್ರೋಲೀಟರ್ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಹಾಕುವ ವಿಧಾನದಲ್ಲಿ ಆ ಇಳಿತವನ್ನು 1768ರಿಂದ ಗುಣಿಸಬೇಕು. ಆ ಲೆಕ್ಕದಲ್ಲಿ ನಿಮಗೆ ದೊಡ್ಡದಾಗಿ ಕಂಡ 14 ಯೂನಿಟ್‌ಗಳ ಅಂತರ, ಯಂತ್ರದ ಪಾಲಿಗೆ ನಿಮಿಷಕ್ಕೆ ಬರೀ 0.008. ನಮ್ಮ ಮಳೆಗಾಲದ ಥಂಡಿಯಲ್ಲಿ, ಫ್ರಿಜ್ಜಿನಿಂದ ತೆಗೆದ ರೀಏಜೆಂಟ್ 37 ಡಿಗ್ರಿಗೆ ಬರುವ ಮೊದಲೇ ಓದಿಸಿದರೂ ಸಂಖ್ಯೆ ಕೆಳಗೆ ಬರುತ್ತದೆ.

ಇನ್ನೊಂದು ಕಾರಣವನ್ನು ಯಾರೂ ರೋಗಿಗಳಿಗೆ ಹೇಳುವುದಿಲ್ಲ. ಈ ಕಿಣ್ವ ಪೂರ್ಣ ಚುರುಕಾಗಲು ಬಿ6 ಜೀವಸತ್ವದ ರೂಪವಾದ ಪಿರಿಡಾಕ್ಸಾಲ್ ಫಾಸ್ಫೇಟ್ ಬೇಕು. ಕೆಲವು ಕಿಟ್‌ಗಳಲ್ಲಿ ಅದನ್ನು ಸೇರಿಸಿರುತ್ತಾರೆ, ಕೆಲವದರಲ್ಲಿ ಇಲ್ಲ. ಸೇರಿಸಿದ ಕಿಟ್ ಸಾಮಾನ್ಯವಾಗಿ ಹೆಚ್ಚು ತೋರಿಸುತ್ತದೆ. ಇಂಥ ಎರಡು ಕಿಟ್‌ಗಳ ಫಲಿತಾಂಶವನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದೇ ಸರಿಯಲ್ಲವೆಂದು ನನ್ನ ಅಭಿಪ್ರಾಯ.

ನಿಜಕ್ಕೂ ಆತಂಕಪಡಬೇಕಾದ ತಪ್ಪು ಬೇರೆಯಿದೆ. ಕಿಣ್ವದ ವೇಗ ಕಿಣ್ವದ ಪ್ರಮಾಣವನ್ನೇ ಸೂಚಿಸಬೇಕಾದರೆ ಅದು ಬಳಸುವ ವಸ್ತು ಧಾರಾಳವಾಗಿರಬೇಕು. 1913ರಲ್ಲಿ ಮೈಕೇಲಿಸ್ ಮತ್ತು ಮೆಂಟೆನ್ ಕೊಟ್ಟ ಸಮೀಕರಣದಿಂದ ಹೊರಡುವ ನಿಯಮವಿದು. ನಮ್ಮ ಕಡೆಯ ಮಂಗನ ಕಾಯಿಲೆಯಲ್ಲೂ ಎಎಲ್‌ಟಿ ಏರುತ್ತದೆ. ಯಾವುದೇ ಕಾರಣಕ್ಕೆ ಅದು ಸಾವಿರಗಟ್ಟಲೆ ಏರಿದಾಗ, ಯಂತ್ರ ಓದಲು ತೊಡಗುವ ಮೊದಲೇ ಎನ್‌ಎಡಿಎಚ್ ಮುಗಿದುಹೋಗಿ ರೇಖೆ ಸಪಾಟಾಗುತ್ತದೆ, ರಿಪೋರ್ಟಿನಲ್ಲಿ ಸುಳ್ಳೇ ಕಡಿಮೆ ಸಂಖ್ಯೆ ಬರುತ್ತದೆ. ಆಗ ಸೀರಮನ್ನು ಸಲೈನ್‌ನಲ್ಲಿ ತೆಳುಮಾಡಿ ಮತ್ತೆ ಓದಿಸುತ್ತೇವೆ. ನಿಮ್ಮ ತಂದೆಯವರ ಸಂಖ್ಯೆಗಳು ಆ ಮಟ್ಟದವಲ್ಲ; ಎರಡೂ ಮೇಲ್ಮಿತಿಯನ್ನು ತುಸು ದಾಟಿದಂಥವು.

ವೈದ್ಯರು ಮರುಪರೀಕ್ಷೆ ಹೇಳಿದರೆ ಹಿಂದಿನ ಎರಡರಲ್ಲಿ ಒಂದೇ ಲ್ಯಾಬಿಗೆ ಹೋಗಿ, ಅದೇ ಲ್ಯಾಬಿನ ಹಳೆಯ ರಿಪೋರ್ಟಿನೊಂದಿಗೆ ಮಾತ್ರ ಹೋಲಿಸಿ ನೋಡಿ.