ಕರಪತ್ರದ ಅಡಿಯಲ್ಲಿರುವ ಹೆಸರು ವಾಟ್ಸ್‌ಆ್ಯಪ್ ಚಿತ್ರದಲ್ಲಿ ಏಕಿಲ್ಲ?

ಪ್ರಶ್ನೆ: ಚುನಾವಣಾ ಕರಪತ್ರದ ಅಡಿಯಲ್ಲಿ ಮುದ್ರಕರ, ಪ್ರಕಾಶಕರ ಹೆಸರು ಇರುತ್ತದೆ. ನಮ್ಮೂರಿನ ವಾಟ್ಸ್‌ಆ್ಯಪ್ ಗುಂಪಿಗೆ ಬರುವ ಪ್ರಚಾರದ ಚಿತ್ರ, ವಿಡಿಯೊಗಳಲ್ಲಿ ಅದು ಇರುವುದೇ ಇಲ್ಲ. ಅವುಗಳಿಗೆ ನಿಯಮವಿಲ್ಲವೇ?
– ಓದುಗರೊಬ್ಬರು, ತಿಪಟೂರು

ಉತ್ತರ: ನೀವು ಹೇಳುವ ಆ ಸಣ್ಣಕ್ಷರದ ಸಾಲು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ ಕಲಮಿನಿಂದ ಬಂದದ್ದು. ಅಚ್ಚು ಹಾಕಿಸುವವರು ತಮ್ಮನ್ನು ಖುದ್ದಾಗಿ ಬಲ್ಲ ಇಬ್ಬರು ದೃಢೀಕರಿಸಿದ ಘೋಷಣೆಯನ್ನು ಎರಡು ಪ್ರತಿಗಳಲ್ಲಿ ಮುದ್ರಕರಿಗೆ ಕೊಡಬೇಕು. ಮುದ್ರಕರು ಅದರ ಒಂದು ಪ್ರತಿಯನ್ನು ಕರಪತ್ರದೊಂದಿಗೆ ಜಿಲ್ಲಾ ದಂಡಾಧಿಕಾರಿಗೆ, ರಾಜಧಾನಿಯಲ್ಲಾದರೆ ಮುಖ್ಯ ಚುನಾವಣಾಧಿಕಾರಿಗೆ ಕಳುಹಿಸಬೇಕು. ತಪ್ಪಿದರೆ 6 ತಿಂಗಳವರೆಗೆ ಸೆರೆವಾಸ, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕೈಬರಹದ ನಕಲನ್ನು ಬಿಟ್ಟು ಪ್ರತಿ ತೆಗೆಯುವ ಎಲ್ಲ ವಿಧಾನವನ್ನೂ ಈ ಕಲಮು ಮುದ್ರಣವೆಂದೇ ಎಣಿಸುತ್ತದೆ. ಆದರೂ ಇದು ಅಚ್ಚುಕೂಟವನ್ನು ಕಣ್ಣಮುಂದಿಟ್ಟುಕೊಂಡು ಬರೆದ ಕಾನೂನು. ಫೋನಿನಲ್ಲಿ 'ಫಾರ್ವರ್ಡ್' ಒತ್ತುವಾಗ ಘೋಷಣೆ ಕೇಳಿ ಪಡೆಯುವ ಮುದ್ರಕರೇ ನಡುವೆ ಇರುವುದಿಲ್ಲ.

ಚುನಾವಣಾ ಆಯೋಗ 2013ರ ಅಕ್ಟೋಬರ್‌ನಲ್ಲಿ ಸಾಮಾಜಿಕ ಜಾಲತಾಣಗಳ ಬಗ್ಗೆ ಸೂಚನೆ ಹೊರಡಿಸಿತು. ಅಭ್ಯರ್ಥಿಗಳು ತಮ್ಮ ಖಾತೆಗಳನ್ನು ಪ್ರಮಾಣಪತ್ರದಲ್ಲಿ ತಿಳಿಸಬೇಕು, ಜಾಹೀರಾತಿಗೆ ಮಾಧ್ಯಮ ಪ್ರಮಾಣೀಕರಣ ಸಮಿತಿಯ ಒಪ್ಪಿಗೆ ಮೊದಲೇ ಪಡೆಯಬೇಕು, ಅದರ ಖರ್ಚನ್ನು ಚುನಾವಣಾ ಲೆಕ್ಕಕ್ಕೆ ಸೇರಿಸಬೇಕು. ಇವೆಲ್ಲ ಅಭ್ಯರ್ಥಿಗೂ ಪಕ್ಷಕ್ಕೂ ಬಿಗಿಯಾಗಿವೆ. 'ಅಭಿಮಾನಿ ಬಳಗ'ದ ಹೆಸರಿನಲ್ಲಿ ಹರಿದಾಡುವ ಚಿತ್ರ ಮಾತ್ರ ಈ ಬಲೆಯಿಂದ ಸುಲಭವಾಗಿ ನುಸುಳುತ್ತದೆ, ನಿಮ್ಮ ಗುಂಪಿಗೆ ಬರುವುದು ಬಹುಶಃ ಅಂಥದ್ದೇ.

ಕೃತಕ ಬುದ್ಧಿಮತ್ತೆಯ ವಿಷಯದಲ್ಲಿ ಆಯೋಗ ಹೆಚ್ಚು ಸ್ಪಷ್ಟವಾಗಿದೆ. ಬಿಹಾರ ಚುನಾವಣೆಗೆ ಮುನ್ನ, 2025ರ ಅಕ್ಟೋಬರ್ 24ರಂದು ಪಕ್ಷಗಳಿಗೆ ನೀಡಿದ ಸೂಚನೆಯಂತೆ, ಹೀಗೆ ಸೃಷ್ಟಿಸಿದ ಅಥವಾ ತಿದ್ದಿದ ಚಿತ್ರದಲ್ಲಿ ಕಾಣುವ ಜಾಗದ ಕನಿಷ್ಠ ಶೇ 10ರಷ್ಟನ್ನು, ಅದು ಕೃತಕ ಬುದ್ಧಿಮತ್ತೆಯದೆಂದು ತಿಳಿಸುವ ಲೇಬಲ್ ಆವರಿಸಬೇಕು. ವಿಡಿಯೊದಲ್ಲಿ ಅದು ಮೇಲ್ಭಾಗದಲ್ಲಿರಬೇಕು. ಧ್ವನಿಯಾದರೆ ಮೊದಲ ಶೇ 10ರಷ್ಟು ಅವಧಿಯಲ್ಲಿ ತಿಳಿಸಬೇಕು. ಸೃಷ್ಟಿಸಿದವರ ಹೆಸರೂ ಇರಬೇಕು. ಒಬ್ಬರ ರೂಪ ಅಥವಾ ದನಿಯನ್ನು ಒಪ್ಪಿಗೆಯಿಲ್ಲದೆ ಬಳಸಿ ಮತದಾರರ ದಾರಿ ತಪ್ಪಿಸುವಂಥದ್ದು ಪಕ್ಷದ ಅಧಿಕೃತ ಖಾತೆಯಲ್ಲಿ ಕಂಡರೆ 3 ಗಂಟೆಯೊಳಗೆ ತೆಗೆಯಬೇಕು.

ಬ್ರಿಟನ್ನಿನಲ್ಲಿ 2023ರ ನವೆಂಬರ್ 1ರಿಂದ, ಹಣ ಕೊಟ್ಟು ಹರಡುವ ಆನ್‌ಲೈನ್ ರಾಜಕೀಯ ಪ್ರಚಾರ ಯಾರದ್ದೇ ಆಗಿರಲಿ, ಪ್ರವರ್ತಕರ ಹೆಸರು, ವಿಳಾಸ ಕಡ್ಡಾಯವಾಗಿದೆ. ನಮ್ಮ 127ಎ ಕಲಮಿಗೂ ಇಂಥ ತಿದ್ದುಪಡಿ ಬೇಕೆಂಬುದು ನನ್ನ ದೃಢ ಅಭಿಪ್ರಾಯ. ಹೇಳಿದ್ದು ಯಾರೆಂದು ತಿಳಿಯದೆ ಹೇಳಿಕೆಯನ್ನು ತೂಗಿ ನೋಡುವುದು ಮತದಾರನಿಗೆ ಕಷ್ಟ.

ಸದ್ಯಕ್ಕೆ ನೀವು ಮಾಡಬಹುದಾದದ್ದು ಇಷ್ಟು: ಚುನಾವಣೆಯ ಸಮಯದಲ್ಲಿ ಅಂಥ ಚಿತ್ರ ಬಂದರೆ ಅಳಿಸುವ ಮುನ್ನ, ಕಳುಹಿಸಿದ ಸಂಖ್ಯೆ, ದಿನಾಂಕ, ವೇಳೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಚುನಾವಣಾಧಿಕಾರಿಗೆ ಲಿಖಿತ ದೂರಿನೊಂದಿಗೆ ಕೊಡಿ.