ತಾಮ್ರದ ಹಂಡೆ ಬಡಿಯುವಾಗ ಸೀಳಿದ್ದೇಕೆ?

ಸೋಮವಾರಪೇಟೆಯ ಮನೆಯ ಹಳೆಯ ತಾಮ್ರದ ಹಂಡೆಯ ತಗ್ಗನ್ನು ಬಡಿದು ಸರಿಪಡಿಸುವಾಗ, ಮೊದಲು ಸುಲಭವಾಗಿ ಮಣಿದ ತಗಡು ಕ್ರಮೇಣ ಬಿರುಸಾಗಿ ಕೊನೆಗೆ ಸೀಳಿತೆಂದೂ, ತಾಮ್ರವೇ ಕಳಪೆಯಿರಬಹುದೇ ಎಂದೂ ತಾವು ಕೇಳಿದ್ದೀರಿ. ಕಳಪೆಯೆಂದು ನನಗೆ ಅನ್ನಿಸುವುದಿಲ್ಲ.

ಲೋಹದೊಳಗೆ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರುವುದರಿಂದಲೇ ಅದು ಒಡೆಯದೆ ಹರಡುತ್ತದೆ. ಈ ಕುಟ್ಯತೆ ಚಿನ್ನದಲ್ಲಿ ಎಷ್ಟಿದೆಯೆಂದರೆ, 1 ಗ್ರಾಂ ಚಿನ್ನವನ್ನು ಸುಮಾರು 1 ಚದರ ಮೀಟರ್ ಹಾಳೆಯಾಗಿ ಬಡಿಯಬಹುದು. ಆದರೆ ತಾಮ್ರವನ್ನು ತಣ್ಣಗಿರುವಾಗಲೇ ಬಡಿಯುತ್ತ ಹೋದಂತೆ ಲೋಹದ ಸೂಕ್ಷ್ಮ ಹರಳುಗಳೊಳಗಿನ ದೋಷಗಳು (ಪರಮಾಣುಗಳ ಸಾಲು ತಪ್ಪಿದ ಜಾಗಗಳು) ಹೆಚ್ಚಿ, ಒಂದಕ್ಕೊಂದು ತೊಡಕಾಗಿ, ಜಾರುವಿಕೆ ನಿಲ್ಲುತ್ತದೆ. ಆಗ ತಗಡನ್ನು ಮಂದ ಕೆಂಪು ಬಣ್ಣಕ್ಕೆ ಬರುವಷ್ಟು ಕಾಯಿಸಿದರೆ ಹೊಸ ಹರಳುಗಳು ಮೂಡಿ ಮೃದುತ್ವ ಮರಳುತ್ತದೆ. ಕಾಯಿಸಿದ ತಾಮ್ರವನ್ನು ನೀರಿಗೆ ಅದ್ದಿದರೂ ಅದು ಮೆತ್ತಗೇ ಉಳಿಯುತ್ತದೆ; ಕಾಫಿ ತೋಟದ ಕತ್ತಿಯ ಉಕ್ಕಾದರೋ ಹಾಗೆ ಅದ್ದಿದಾಗ ಗಡುಸಾಗುತ್ತದೆ, ಕಮ್ಮಾರರು ಬೇಕೆಂದೇ ಹಾಗೆ ಮಾಡುತ್ತಾರೆ.

ಎರಕದ ಕಬ್ಬಿಣದ ಬಾಣಲೆಯ ಮೇಲೆ ಮಾತ್ರ ಬಡಿಯುವ ಈ ಪ್ರಯೋಗ ಬೇಡ. ಅದರೊಳಗಿನ ಗ್ರಾಫೈಟಿನ ಚಕ್ಕೆಗಳಿಂದಲೇ ಬಿರುಕು ಹೊರಡುತ್ತದೆ.

ಈಗಾಗಲೇ ಬಿದ್ದ ಸೀಳು ಕಾಯಿಸಿದರೆ ಕೂಡುವುದಿಲ್ಲ. ಅದಕ್ಕೆ ಹಿತ್ತಾಳೆಯ ಬೆಸುಗೆ ಹಾಕಿಸಿ. ಸೀಸ-ತವರದ ಬೆಸುಗೆ ಒಲೆಯ ಮೇಲೆ ನೀರು ಬತ್ತಿದೊಡನೆ ಕರಗೀತು.